ಸೂರ್ಯ ಮುಳುಗದ ಊರಿಗೆ ಎರಡು ಸೀಟು

ಏಳು ಕಡಲುಗಳ ಆಚೆ ಒಂದು ಊರಿತ್ತಂತೆ. ಆ ಊರಿನ ಸೂರ್ಯನಿಗೆ ಮುಳುಗುವುದೇ ಮರೆತುಹೋಗಿತ್ತಂತೆ. ಅಲ್ಲಿನ ಹೆಂಗಸರು ಹಗಲೂ ಹೊಲಿದು, ರಾತ್ರಿಯೂ ಹೊಲಿದು, ದೀಪ ಹಚ್ಚುವುದು ಹೇಗೆಂದೇ ತಿಳಿಯದೆ ಮುದುಕಿಯರಾಗುತ್ತಿದ್ದರಂತೆ. ಅಜ್ಜಿ ಈ ಕಥೆಯನ್ನು ಮೊದಲು ತನ್ನ ಹಿರಿಮಗಳಿಗೆ ಹೇಳಿದಳು. ಎಷ್ಟೋ ವರ್ಷಗಳ ಮೇಲೆ ಮೊಮ್ಮಗಳಿಗೂ ಹೇಳಿದಳು. ಹೇಳಿದ ಬಾಯಿ ಈಗಿಲ್ಲ. ಕೇಳಿದ ಇಬ್ಬರೂ ಒಂದೇ ಮನೆಯಲ್ಲಿ ಉಳಿದಿದ್ದರು.

ಹಿರಿಮಗಳು ಅಂದರೆ ದೊಡ್ಡಮ್ಮ. ಮದುವೆಯ ಗೊಡವೆಗೆ ಹೋಗದೆ, ಒಂದು ಉಡುಪಿನ ಕಾರ್ಖಾನೆಯಲ್ಲಿ ಕಾಲರು, ಕಫು ಹೊಲಿದು ಬೆನ್ನು ಬಗ್ಗಿಸಿಕೊಂಡವಳು. ಮೊಮ್ಮಗಳನ್ನು ಮನೆಯವರೆಲ್ಲ ಮುಗಿಲಿ ಅನ್ನುತ್ತಿದ್ದರು. ಕಾಲು ನೆಲದ ಮೇಲಿದ್ದರೂ ತಲೆ ಮುಗಿಲಲ್ಲಿ ಇರುತ್ತದೆಂದು ಅಣ್ಣ ಇಟ್ಟ ಹೆಸರು. ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದಳು. ಊರಿನವರಿಗೆಲ್ಲ ಕಣ್ಣು ಕೊಡುವ ಆ ಕೈಗೆ ದೊಡ್ಡಮ್ಮನ ವಿಷಯದಲ್ಲಿ ಮಾತ್ರ ಮಾಡಲು ಏನೂ ಇರಲಿಲ್ಲ.

ದೊಡ್ಡಮ್ಮನಿಗೆ ಇರುಳುಗುರುಡು. ಬೀದಿ ದೀಪ ಹತ್ತುವ ಮೊದಲೇ ಅವಳಿಗೆ ಕತ್ತಲಾಗಿಬಿಡುತ್ತಿತ್ತು. ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಈಚೆಗೆ ಹಗಲಿನ ನೋಟವೂ ಅಂಚಿನಿಂದ ಒಳಕ್ಕೆ ಕುಗ್ಗತೊಡಗಿತ್ತು. ಎದುರು ಕೂತವರ ಮುಖ ಕಂಡರೆ ಕೈ ಕಾಣದು, ಕೈ ನೋಡಲು ಹೋದರೆ ಮುಖ ಕಳೆದುಹೋಗುವುದು. ಇದಕ್ಕೆ ಕನ್ನಡಕವಿಲ್ಲ, ಇನ್ನೆಷ್ಟು ದಿನ ಕಾಣುತ್ತದೆ ಅಂತ ಹೇಳಲಾರೆ ಎಂದ ಕಣ್ಣಿನ ಡಾಕ್ಟರು, ನೋಡಬೇಕು ಅನ್ನಿಸಿದ್ದನ್ನು ನೋಡಿಬಿಡಿ ಎಂದು ಮೆಲ್ಲಗೆ ಸೇರಿಸಿದ್ದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ದೊಡ್ಡಮ್ಮನ ಮೊಣಕೈ ಹಿಡಿದಿದ್ದ ಮುಗಿಲಿ, ಹಿಂದೆ ಮುಂದೆ ನೋಡದೆ ಮಾತು ಕೊಟ್ಟಿದ್ದಳು.

"ಅಜ್ಜಿ ಹೇಳ್ತಿದ್ದ ಊರು ನಿಜವಾಗ್ಲೂ ಇದೆ ದೊಡ್ಡಮ್ಮ. ಮೇಲೆ, ಉತ್ತರದ ತುದೀಲಿ. ನಾನು ಕರ್ಕೊಂಡು ಹೋಗ್ತೀನಿ."

ಇಬ್ಬರೂ ಹುಟ್ಟಿದ ಮೇಲೆ ವಿಮಾನವನ್ನು ಕತ್ತೆತ್ತಿ ನೋಡಿದ್ದು ಬಿಟ್ಟರೆ ಹತ್ತಿದವರಲ್ಲ. ಪ್ರವಾಸದ ಕಂಪನಿಯೊಂದಕ್ಕೆ ಹೋಗಿ ಕೇಳಿದಾಗ, ಬಾವುಟ ಹಿಡಿದ ಗೈಡಿನ ಹಿಂದೆ ಓಡಲಾಗದವರನ್ನು ಗುಂಪಿನಲ್ಲಿ ಸೇರಿಸಿಕೊಳ್ಳುವುದಿಲ್ಲವೆಂದು ಅಲ್ಲಿದ್ದಾಕೆ ನಗುನಗುತ್ತಲೇ ಹೇಳಿ ಕಳಿಸಿದಳು. ಹಾಗಾಗಿ ಎಲ್ಲವನ್ನೂ ತಾನೇ ಮಾಡುವುದೆಂದು ಮುಗಿಲಿ ಟೊಂಕ ಕಟ್ಟಿದಳು.

ಟೊಂಕ ಕಟ್ಟಿದ್ದೇನೋ ನಿಜ. ಆದರೆ ದಾರಿ ಹುಡುಕಲು ಕೂತವಳು ದಾರಿಯಲ್ಲೇ ಕಳೆದುಹೋಗುತ್ತಿದ್ದಳು. ದಿನಾ ಸಂಜೆ ದೊಡ್ಡಮ್ಮನ ಮಂಚದ ತುದಿಗೆ ಕೂತು, ಅವತ್ತು ಫೋನಿನಲ್ಲಿ ಕಂಡದ್ದನ್ನೆಲ್ಲ ಹೇಳುವಳು. ಇಲ್ಲಿ ಇಳಿದು ಹಡಗು ಹತ್ತೋಣ, ಆ ಕೆಂಪು ಮನೆಗಳ ಬೀದಿಯಲ್ಲಿ ಎರಡು ದಿನ ಇರೋಣ, ಬೇಡ, ರೈಲಿನಲ್ಲೇ ಹೋದರೆ ಕಾಡು ನೋಡಬಹುದು. ಇವತ್ತು ಕಟ್ಟಿದ ದಾರಿಯನ್ನು ನಾಳೆ ಬಿಚ್ಚಿ ಬೇರೆ ಕಟ್ಟುವಳು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟುವಳು. ಹೀಗೆ ಒಂದು ಬೇಸಿಗೆ ಕೈಬಿಟ್ಟು ಹೋಯಿತು.

"ಮಹಾರಾಣಿಯವರ ಹಡಗು ಇವತ್ತು ಯಾವ ಬಂದರಲ್ಲಿದೆ?" ಎಂದು ಅಣ್ಣ ಊಟಕ್ಕೆ ಕೂತಾಗಲೆಲ್ಲ ಕಿಚಾಯಿಸುತ್ತಿದ್ದ. ಈ ಜನ್ಮದಲ್ಲಿ ನೀವು ಬಸ್ ಸ್ಟ್ಯಾಂಡ್ ದಾಟಿದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದದ್ದೂ ಉಂಟು. ಅವನಿಗೆ ಮೀಸೆಯೇ ಇಲ್ಲ ಎಂದು ದೊಡ್ಡಮ್ಮ ನೆನಪಿಸಿದಳು.

ಈ ಸಲ ಚಳಿ ಮುಗಿಯುವ ಹೊತ್ತಿಗೆ ಮುಗಿಲಿಯ ಕಣ್ಣಿಗೆ ಒಂದು ಟಿಕೆಟ್ ಬಿತ್ತು. ವರ್ಷದ ಕೊನೆಯ ತಿಂಗಳಿನದು, ಅರ್ಧಕ್ಕರ್ಧ ಅಗ್ಗ. ಒಮ್ಮೆ ಕೊಂಡರೆ ಹಣ ವಾಪಸಿಲ್ಲ. ಆ ತಿಂಗಳು ವ್ಯಾಪಾರ ತಣ್ಣಗಿರುವುದರಿಂದ ಅಂಗಡಿಯ ಯಜಮಾನರು ರಜೆಗೂ ಹೂಂ ಅಂದರು. ಮುಗಿಲಿ ಹಾರಾಡುತ್ತಾ ಬಂದು ದೊಡ್ಡಮ್ಮನಿಗೆ ತಿಂಗಳು ಹೇಳಿದಳು. ದೊಡ್ಡಮ್ಮ ಹಳೆಯ ಕೋಟಿಗೆ ಬೆರಳ ತುದಿಯ ಅಂದಾಜಿನಲ್ಲೇ ದಪ್ಪ ಬಟ್ಟೆಯ ಒಳಪದರ ಹೊಲಿಯಲು ಶುರುವಿಟ್ಟಳು. ಎಷ್ಟೋ ದಿನದ ಮೇಲೆ ಅವಳು ಗುನುಗಿಕೊಳ್ಳುವುದು ಕೇಳಿಸಿತು.

ಮರುದಿನ ಊಟದ ಬಿಡುವಿನಲ್ಲಿ, ಗಾಜಿನ ಪುಡಿ ಕೊಡವಿಕೊಂಡು, ಹಣ ಕಟ್ಟುವ ಮೊದಲು, ಅಲ್ಲಿ ಉಳಿಯಲೆಂದು ಆರಿಸಿಟ್ಟಿದ್ದ ಬಾಡಿಗೆ ಮನೆಯನ್ನು ಇನ್ನೊಮ್ಮೆ ನೋಡೋಣವೆಂದು ಮುಗಿಲಿ ಫೋನು ತೆರೆದಳು. ಅಲ್ಲಿ ಕೊಡುವ ಅನುಕೂಲಗಳ ನಡುವೆ ಒಂದು ಸಾಲಿತ್ತು: ಮಧ್ಯಾಹ್ನ ಹೊರಗೆ ಅಡ್ಡಾಡುವವರಿಗೆ ಹಣೆಗೆ ಕಟ್ಟಿಕೊಳ್ಳುವ ದೀಪ ಉಚಿತ. ಮುಗಿಲುದ್ದ ನಗು ಬಂತು ಅವಳಿಗೆ. ಸೂರ್ಯ ಮುಳುಗದ ಊರಿನಲ್ಲಿ ದೀಪವೇಕೆ? ಆ ಮನೆಯ ಒಡತಿಗೆ ಹಾಗೆಂದೇ ಬರೆದು ಕೇಳಿದಳು. ಉತ್ತರ ಕೂಡಲೇ ಬಂತು. ನಮ್ಮಲ್ಲಿ ಸೂರ್ಯ ಮುಳುಗದಿರುವುದು ನಡುಬೇಸಿಗೆಯಲ್ಲಿ, ನೀವು ಕೇಳಿದ ತಿಂಗಳಲ್ಲಿ ಅವನು ಹುಟ್ಟುವುದೇ ಇಲ್ಲ ಎಂದು ಆಕೆ ಬರೆದಿದ್ದಳು.

ಮುಗಿಲಿ ಅದನ್ನು ಇನ್ನೊಮ್ಮೆ ಓದಿದಳು. ಹಡಗು, ರೈಲು, ಕೆಂಪು ಮನೆಗಳೆಂದು ನೂರೆಂಟು ಹುಡುಕಿದವಳು ಸೂರ್ಯನನ್ನು ಮಾತ್ರ ಹುಡುಕಿರಲಿಲ್ಲ. ಅವನು ವರ್ಷವಿಡೀ ಅಲ್ಲೇ ಇರುತ್ತಾನೆಂದು ಅಜ್ಜಿ ಹೇಳಿಯಾಗಿತ್ತಲ್ಲ. ಇನ್ನೊಂದು ಗುಂಡಿ ಒತ್ತಿದ್ದರೆ, ಸಂಜೆಗೇ ಕುರುಡಾಗುವವಳನ್ನು ಹಗಲೇ ಇಲ್ಲದ ಊರಿಗೆ ಕೈಹಿಡಿದು ಕರೆದೊಯ್ದು ಬಿಡುತ್ತಿದ್ದಳು.

ಮನೆಗೆ ಬಂದು ಮುಚ್ಚಿಡದೆ ಎಲ್ಲ ಹೇಳಿದಳು. ದೊಡ್ಡಮ್ಮನ ಸೂಜಿ ಸ್ವಲ್ಪ ಹೊತ್ತು ತನ್ನ ಪಾಡಿಗೆ ಹೋಗುತ್ತಿತ್ತು, ಆಮೇಲೆ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಹೋಗ್ಲಿ ಬಿಡು ಮಗಳೇ. ನೀನು ದಿನಾ ಹೇಳ್ತೀಯಲ್ಲ, ಅದರಲ್ಲೇ ನೋಡಿದ ಹಾಗಾಯ್ತು ನಂಗೆ. ನಿಮ್ಮಜ್ಜಿಗಿಂತ ಚೆನ್ನಾಗಿ ಹೇಳ್ತೀಯ. ಇನ್ನು ಹೋಗೋದೇನೂ ಬೇಡ."

ಇಷ್ಟು ದೊಡ್ಡ ಹೊಗಳಿಕೆ ಅವಳ ಬಾಯಿಂದ ಮುಗಿಲಿಗೆ ಯಾವತ್ತೂ ಸಿಕ್ಕಿರಲಿಲ್ಲ. ಹೋದ ಬೇಸಿಗೆ ಎಲ್ಲಿ ಹೋಯಿತೆಂದು ಅವಳಿಗೆ ಆಗ ತಿಳಿಯಿತು. ತಾನೇ ಅದನ್ನು ಸಂಜೆ ಸಂಜೆಗೆ ಕಥೆಯ ತುತ್ತು ಮಾಡಿ ದೊಡ್ಡಮ್ಮನಿಗೆ ಉಣ್ಣಿಸಿ ಮುಗಿಸಿದ್ದಳು. ಹೊಟ್ಟೆ ತುಂಬಿತೆಂದು ಇವಳು ಈಗ ಎಲೆ ಮುಂದೆ ತಳ್ಳುತ್ತಿದ್ದಾಳೆ. ಹಸಿದ ಕಣ್ಣಿಗೆ ಮಾತ್ರ ಒಂದು ಅಗುಳೂ ಬಿದ್ದಿಲ್ಲ.

ಅವತ್ತು ಮುಗಿಲಿ ಮಂಚದ ತುದಿಗೆ ಕೂರಲಿಲ್ಲ, ಕಥೆ ಹೇಳಲಿಲ್ಲ.

ಬೆಳಿಗ್ಗೆ ಯಜಮಾನರ ಮುಂದೆ ನಿಂತು ಆ ಊರಿನ ನಡುಬೇಸಿಗೆಯ ಹೊತ್ತಿಗೆ ರಜೆ ಕೇಳಿದಳು. ಇಲ್ಲಿ ಶಾಲೆ ತೆರೆದು ಮಕ್ಕಳ ಕಣ್ಣಿನ ತಪಾಸಣೆ ನಡೆಯುವ ಕಾಲ ಅದು, ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹೋಗೋದಾದ್ರೆ ಹೋಗಮ್ಮ. ಬರೋ ಹೊತ್ತಿಗೆ ನಿನ್ನ ಜಾಗದಲ್ಲಿ ಬೇರೆ ಯಾರಾದ್ರೂ ಕೂತಿದ್ರೆ ನನ್ನ ಕೇಳಬೇಡ."

"ಕೇಳಲ್ಲ ಸಾರ್," ಎಂದಳು ಮುಗಿಲಿ. ಹೇಳಿ ಒಳಕ್ಕೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಗಾಜನ್ನು ಎತ್ತಿಕೊಂಡಳು. ಅದರ ಅಂಚು ಉಜ್ಜತೊಡಗಿದಳು.

ಭಾನುವಾರ ನಡುಮಧ್ಯಾಹ್ನ, ದೊಡ್ಡಮ್ಮನಿಗೆ ಚೆನ್ನಾಗಿ ಕಾಣುವ ಹೊತ್ತು ನೋಡಿಕೊಂಡು, ಅಣ್ಣನ ಲ್ಯಾಪ್‌ಟಾಪನ್ನು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟಳು. ಹಡಗು ಬಿಟ್ಟಳು, ರೈಲು ಬಿಟ್ಟಳು, ಕೆಂಪು ಮನೆಗಳ ಬೀದಿಯನ್ನೂ ಬಿಟ್ಟಳು. ಉಳಿದದ್ದು ಹೋಗುವ ದಾರಿ, ಬರುವ ದಾರಿ, ಕಿಟಕಿಗೆ ಪರದೆಯಿಲ್ಲದ ಒಂದು ಕೋಣೆ. ಆ ತಾರೀಖಿಗೆ ಸೂರ್ಯ ಇರುತ್ತಾನೆ ತಾನೆ ಎಂದು ಒಡತಿಗೆ ಮತ್ತೆ ಬರೆದು ಕೇಳಿದ್ದಳು. ಆಕೆ, ಅವನ ಕಾಟಕ್ಕೆ ನಮಗೆ ನಿದ್ದೆಯೇ ಇರುವುದಿಲ್ಲ ಎಂದು ಉತ್ತರಿಸಿದ್ದಳು. ದೊಡ್ಡಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು.

ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ಕಿಚಾಯಿಸಲಿಲ್ಲ. ದೊಡ್ಡಮ್ಮನ ಪಾಸ್‌ಪೋರ್ಟಿನಲ್ಲಿದ್ದ ಹೆಸರನ್ನು ಅವನೇ ಅಕ್ಷರ ಅಕ್ಷರ ಓದಿ ಹೇಳಿದ, ಮುಗಿಲಿ ಟೈಪ್ ಮಾಡಿದಳು. ಹಣ ಕಟ್ಟುವ ಪುಟ ಬಂತು.

"ನೀವೇ ಒತ್ತಿ ದೊಡ್ಡಮ್ಮ."

"ಸೂರ್ಯ ಇರೋದು ಖಂಡಿತ ತಾನೆ?"

"ಖಂಡಿತ."

"ನೀನು ಕಥೆ ಕಟ್ಟಿ ಹೇಳ್ತಿಲ್ವಲ್ಲ?"

"ಇಲ್ಲ."

ದೊಡ್ಡಮ್ಮ ಹಕ್ಕಿಯ ಹಾಗೆ ತಲೆಯನ್ನು ಅತ್ತ ಇತ್ತ ಹೊರಳಿಸಿ, ತನ್ನ ಸಣ್ಣ ನೋಟದೊಳಕ್ಕೆ ಆ ಗುಂಡಿ ಬರುವವರೆಗೂ ಹುಡುಕಿದಳು. ಮುಗಿಲಿ ಅವಳ ಕೈ ಹಿಡಿಯಲು ಹೋಗಿ, ಹಿಡಿಯದೆ ತಡೆದುಕೊಂಡಳು. ಬೆರಳು ತನ್ನಷ್ಟಕ್ಕೆ ಮುಂದೆ ಹೋಗಿ ಒತ್ತಿತು. ಲ್ಯಾಪ್‌ಟಾಪಿನ ಪರದೆ ಬೆಳ್ಳಗಾಯಿತು. ಮೂವರೂ ಕಾದರು. ಆಮೇಲೆ ಅಕ್ಷರಗಳು ಮೂಡಿದವು: ಎರಡು ಸೀಟು, ಇಬ್ಬರ ಹೆಸರು, ಬೇಸಿಗೆಯ ಒಂದು ತಾರೀಖು.

"ಆಯ್ತು," ಎಂದಳು ಮುಗಿಲಿ.