ಸೌಹಾರ್ದದ ಊಟ

ಕೊಲ್ಲಿ ನಾಡಿನ ಆ ಶಾಲೆಯ ಬಸ್ಸಿನಲ್ಲಿ ಸುಡಾನಿನ ಹುಡುಗರಿಗೂ ಮಂಗಳೂರಿನ ಹುಡುಗರಿಗೂ ಹೊಡೆದಾಟವಾದ ಮೇಲೆ ಪ್ರಿನ್ಸಿಪಾಲ್ ಶ್ಯಾಮಸುಂದರ್ ಅವರಿಗೆ ಒಮ್ಮೆಲೇ ಸೌಹಾರ್ದ ಉಕ್ಕಿ ಬಂತು. ಪ್ರತಿ ಮಗುವೂ ಬೇರೆ ದೇಶದ ಸಹಪಾಠಿಯನ್ನು ಮನೆಗೆ ಊಟಕ್ಕೆ ಕರೆಯಬೇಕು, ಅವರ ಮನೆಗೂ ಹೋಗಿ ಉಣ್ಣಬೇಕು, ಎರಡೂ ಊಟದ ಫೋಟೊ ತರಬೇಕು. ಜಗಳ ಯಾಕಾಯಿತೆಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ.

ಆ ಫೋಟೊಗಳ ಆಲ್ಬಮಿನ ಉಸ್ತುವಾರಿ ಫ್ರೀಡಾ ಟೀಚರಿಗೆ ಬಂತು. ಸೂಪರ್‌ವೈಸರ್ ಹುದ್ದೆ ಖಾಲಿಯಿತ್ತು, ಆಲ್ಬಮ್ ಚೆನ್ನಾಗಿ ಬಂದರೆ ಅದು ತನಗೇ ಎಂದು ಅವಳು ಎಣಿಸಿದ್ದಳು. ಹಾಗಾಗಿ ಬಣ್ಣಭೇದದ ವಿರುದ್ಧ ಅಸೆಂಬ್ಲಿಯಲ್ಲಿ ಗಂಟಲು ಹರಿಯುವಂತೆ ಭಾಷಣ ಬಿಗಿದಳು. ಚೀಟಿ ಎತ್ತಿದಾಗ ಅವಳ ಮಗ ರೂಬೆನ್‌ಗೇ ಸುಡಾನಿನ ಉಸ್ಮಾನ್ ಜೋಡಿಯಾಗಿ ಸಿಕ್ಕಿದ. ಫ್ರೀಡಾಳ ಮುಖ ಹುಳ್ಳಗಾಯಿತು.

"ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?"

"ಹೀ ಇಸ್ ಮೈ ಫ್ರೆಂಡ್, ಮಮ್ಮಿ," ಎಂದ ರೂಬೆನ್. ಅವನಿಗೆ ಕ್ಲಾಸಿನಲ್ಲಿದ್ದ ಒಬ್ಬನೇ ಗೆಳೆಯ ಉಸ್ಮಾನ್.

ಶುಕ್ರವಾರ ಮಧ್ಯಾಹ್ನ ಉಸ್ಮಾನ್ ಫರ್ವಾನಿಯಾ ಬಡಾವಣೆಯ ಅವರ ಫ್ಲ್ಯಾಟಿಗೆ ಬಂದ. ಯಾರೂ ಹೇಳದೆ ಕೈ ತೊಳೆದು ಕೂತ. ಊರಿನಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಪಿಂಗಾಣಿ ತಟ್ಟೆಗಳನ್ನು ಫ್ರೀಡಾ ಎಲ್ಲರ ಮುಂದೆ ಇಟ್ಟಳು, ಇಡ್ಲಿಯಂಥ ಸನ್ನಾಂ ಬಡಿಸಿದಳು, ಕೋಳಿ ಸಾರು ಹೊಯ್ದಳು. ಗಂಡ ಕೊನ್ರಾಡ್ ಫೋಟೊ ತೆಗೆದ. ತೆಗೆದದ್ದೇ ತಡ, ಉಸ್ಮಾನನ ತಟ್ಟೆಯನ್ನಷ್ಟೇ ಎತ್ತಿ, ಅದರಲ್ಲಿದ್ದದ್ದನ್ನು ಪೇಪರ್ ಪ್ಲೇಟಿಗೆ ಸುರಿದು ಅವನ ಮುಂದೆ ತಳ್ಳಿದಳು.

"ತೊಳೆಯುವ ಕೆಲಸ ತಪ್ತದೆ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ಉಳಿದ ಮೂರು ಪಿಂಗಾಣಿ ತಟ್ಟೆಗಳನ್ನು ಯಾರು ತೊಳೆಯುತ್ತಾರೋ, ಆ ಮಾತು ಅವಳ ನಗುವಿನಲ್ಲಿರಲಿಲ್ಲ. ಇಂಥವಳು ಮಕ್ಕಳಿಗೆ ಸಮಾನತೆ ಕಲಿಸುವವಳು! ರೂಬೆನ್ ತಲೆ ತಗ್ಗಿಸಿದ.

ಉಸ್ಮಾನ್ ಮಾತ್ರ ಸಮಾಧಾನದಿಂದ ಉಣ್ಣುತ್ತ ಹೇಳಿದ: "ಪರವಾಗಿಲ್ಲ ಆಂಟಿ. ನಾಳೆ ರೂಬೆನ್ ಬರ್ತಾನೆ ಅಂತ ನನ್ನ ಅಮ್ಮನೂ ಪೇಪರ್ ಪ್ಲೇಟ್ ತಂದಿಟ್ಟಿದ್ದಾಳೆ. ಇಂಡಿಯಾದವರು ಉಂಡ ತಟ್ಟೆ ಅವಳಿಗೂ ಆಗೂದಿಲ್ಲ."

ಅವನು ಹೊರಟ ಮೇಲೆ ಫ್ರೀಡಾ ಕೆಂಡವಾದಳು.

"ನನ್ನ ಮಗನಿಗೆ ಪೇಪರ್ ಪ್ಲೇಟಾ? ಎಂತ ಜನ ಇವ್ರು! ನಾವೆಂತ ಮುಟ್ಟಬಾರದವರಾ? ನಾಳೆ ಕಳಿಸೂದೇ ಇಲ್ಲ."

"ಎರಡು ಫೋಟೊ ಬೇಕಲ್ಲ ಮಾರಾಯ್ತಿ," ಎಂದ ಕೊನ್ರಾಡ್, ಮೊಬೈಲಿನಿಂದ ತಲೆ ಎತ್ತದೆ.

ಮರುದಿನ ಅವಳೇ ರೂಬೆನ್‌ನ ಶರ್ಟಿಗೆ ಇಸ್ತ್ರಿ ಹಾಕಿದಳು, ಅವಳೇ ಕಾರಿನಲ್ಲಿ ಉಸ್ಮಾನನ ಮನೆಯ ಬಾಗಿಲವರೆಗೆ ಬಿಟ್ಟಳು. ಇಳಿಯುವಾಗ ಅವನ ಕಾಲರ್ ಸರಿಪಡಿಸಿ ಕಿವಿಯಲ್ಲಿ ಹೇಳಿದಳು:

"ಫೋಟೊ ತೆಗೆಯುವಾಗ ಒಳ್ಳೆ ಪ್ಲೇಟ್ ಇಡ್ಲಿಕ್ಕೆ ಹೇಳು. ಮತ್ತೆ ಅವ್ರು ಏನು ಬೇಕಾದ್ರೂ ಮಾಡ್ಲಿ."