ಪರದೆಯ ಹೆಂಗಸಿನ ಹಣೆ

ನಿಪ್ಪಾಣಿಯ ಭಾವುಸಾಹೇಬರ ಫೋಟೋ ಸ್ಟುಡಿಯೋದಲ್ಲಿ ಗಿರಾಕಿಗಳ ಬೆನ್ನ ಹಿಂದೆ ಹೊಸ ಪರದೆ ಏರಿದ್ದು ಎಂಬತ್ತೇಳನೆಯ ಇಸವಿಯ ದೀಪಾವಳಿಗೆ. ಬರೆದವನು ಪೇಂಟರ್ ವಿಠೋಬಾ. ಇಪ್ಪತ್ತು ವರ್ಷ ತಂಬಾಕಿನ ಅಂಗಡಿಗಳ ಬೋರ್ಡು, ಸ್ಟುಡಿಯೋಗೆ ನವಿಲು, ಹೂಕುಂಡ ಬರೆದು ಬರೆದು ಅವನಿಗೆ ಸಾಕಾಗಿತ್ತು. ಒಂದು ದಿನ ರದ್ದಿ ಅಂಗಡಿಯಲ್ಲಿ ಹಳೆಯ ಮಾಸಿಕದ ಬಣ್ಣದ ಹಾಳೆ ಸಿಕ್ಕಿತು. ನೂರು ವರ್ಷದ ಹಿಂದೆ ಯಾರೋ ಬರೆದ ಪ್ಯಾರಿಸ್ ಪೇಟೆಯ ಚಿತ್ರ. ಗ್ಯಾಸ್ ದೀಪ, ಎತ್ತರದ ಟೊಪ್ಪಿಗೆಯ ಗಂಡಸರು, ಮುಂದಿನ ಮೇಜಿನಲ್ಲಿ ಕರಿ ರೇಷ್ಮೆ ಉಟ್ಟು, ಗ್ಲಾಸು ಮುಂದಿಟ್ಟುಕೊಂಡು ಒಬ್ಬಳೇ ಕೂತು ಬೀದಿ ನೋಡುವ ಹೆಂಗಸು. ದೇವರಿಲ್ಲ, ರಾಜನಿಲ್ಲ, ಯುದ್ಧವಿಲ್ಲ. ಸಂಜೆ ಹೊತ್ತು ಠೀವಿಯಿಂದ ಸುಮ್ಮನೆ ಕೂತ ಮಂದಿ, ಅಷ್ಟೇ. ಇದನ್ನೂ ಚಿತ್ರವಾಗಿ ಬರೆಯಬಹುದೇ ಎಂದು ವಿಠೋಬಾನಿಗೆ ಹುಚ್ಚು ಹಿಡಿಯಿತು. ತಿಂಗಳು ಕೂತು ಅದನ್ನೇ ಪರದೆಗೆ ಇಳಿಸಿದ. ಭಾವುಸಾಹೇಬರು ಜೈನರು, ಆ ಹೆಂಗಸಿನ ಗ್ಲಾಸಿನಲ್ಲಿರುವುದು ಲಿಂಬು ಶರಬತ್ತೆಂದು ಅವರಿಗೆ ಆಣೆ ಮಾಡಿ ಹೇಳಿದ್ದ.

ಶರಬತ್ತೇನೋ ದಕ್ಕಿತು. ಗಂಟಲಲ್ಲಿ ಸಿಕ್ಕಿದ್ದು ಹಣೆ.

ಅಂಕಲಿಯ ಲಕ್ಷ್ಮಿಬಾಯಿ ಮಗಳು ಮಂಗಲಳನ್ನು ಕರೆದುಕೊಂಡು ಬಂದಿದ್ದರು. ಶಿರಗುಪ್ಪಿಯ ವರನ ಮನೆಗೆ ಹುಡುಗಿಯ ಫೋಟೋ ಕಳಿಸಬೇಕಿತ್ತು. ಪರದೆ ನೋಡಿದವರೇ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಯಾರ್ರೀ ಈಕಿ? ಮೈತುಂಬ ಕರೀದು, ಹಣಿ ನೋಡಿದ್ರ ಬೋಳು! ಲಗ್ನದ ಹುಡುಗಿ ಹಿಂದ ಇಂಥಾಕಿನ ಕುಂದರಸ್ತೀರಿ?"

"ಅವರ ಊರಾಗ ಕುಂಕುಮ ಹಚ್ಚೂದಿಲ್ರಿ ಅಕ್ಕಾರ," ಎಂದ ವಿಠೋಬಾ. "ಅಲ್ಲಿ ಕರೀದಂದ್ರ ಫ್ಯಾಶನ್ ರೀ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಗಿರಾಕಿ ಕೈಬಿಟ್ಟು ಹೋಗುವ ಲಕ್ಷಣ ಕಂಡ ಭಾವುಸಾಹೇಬರು, "ವಿಠೋಬಾ, ಒಂದು ಕೆಂಪು ಬೊಟ್ಟು ಇಟ್ಟುಬಿಡು. ಇಲ್ಲಂದ್ರ ನಾಳೆ ಈ ಪರದಿ ಮ್ಯಾಲ ಸುಣ್ಣಾ ಹೊಡದು ನವಿಲ ಬರಿ," ಎಂದರು.

ವಿಠೋಬಾ ಬ್ರಶ್ಶನ್ನು ಕೆಂಪಿನಲ್ಲಿ ಅದ್ದಿದ. ಕೈ ಮೇಲೇಳಲಿಲ್ಲ. ಬದುಕಿನಲ್ಲಿ ತನ್ನ ಮನಸ್ಸಿಗೆ ಬಂದಂತೆ ಬರೆದ ಒಂದೇ ಮುಖ ಅದು. ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಬಂದು ಕಣ್ಣು ತುಂಬಿದವು.

ಅದನ್ನು ಕಂಡ ಮಂಗಲ ತನ್ನ ಹಣೆಯ ಟಿಕಳಿ ಕಿತ್ತು ಆ ಹೆಂಗಸಿನ ಹಣೆಗೆ ಅಂಟಿಸಿದಳು. "ಕಾಕಾ, ಬಣ್ಣಾ ಹಚ್ಚಿದ್ರ ಹೋಗೂದಿಲ್ಲ. ಇದಾದ್ರ ಆಮ್ಯಾಲ ತಗೀಬಹುದು," ಎಂದು ಮೆಲ್ಲಗೆ ಹೇಳಿ ಸ್ಟೂಲಿನ ಮೇಲೆ ಕೂತಳು.

ಲಕ್ಷ್ಮಿಬಾಯಿ ಪರದೆಯ ಹಣೆ ನೋಡಿ ಸಮಾಧಾನಪಟ್ಟರು. ಮಗಳ ಹಣೆಯನ್ನು ಯಾರೂ ನೋಡಲಿಲ್ಲ. ಕ್ಯಾಮೆರಾ ಮಾತ್ರ ನೋಡಿತು.

ಕೊಲ್ಲಾಪುರದ ಲ್ಯಾಬಿನಿಂದ ಬಂದ ಪ್ರತಿಗಳನ್ನು ಭಾವುಸಾಹೇಬರು ತೆರೆದೂ ನೋಡದೆ ಒಂದನ್ನು ಶಿರಗುಪ್ಪಿಗೆ, ಒಂದನ್ನು ಅಂಕಲಿಗೆ ಅಂಚೆಗೆ ಹಾಕಿಸಿದರು. ನಾಲ್ಕನೆಯ ದಿನ ಲಕ್ಷ್ಮಿಬಾಯಿ ಸ್ಟುಡಿಯೋ ಸೂರು ಹಾರುವಂತೆ ಕೂಗಾಡಿದರು. ಫೋಟೋದಲ್ಲಿ ಪ್ಯಾರಿಸ್ಸಿನವಳು ಮುತ್ತೈದೆ, ಮಗಳು ಬೋಳು ಹಣೆ! ಅವರು ಹೋದ ಮೇಲೆ ಭಾವುಸಾಹೇಬರು ಸುಣ್ಣದ ಡಬ್ಬಿ ತಂದು ವಿಠೋಬಾನ ಮುಂದಿಟ್ಟರು.

ಮರುದಿನ ವಿಠೋಬಾ ಸುಣ್ಣ ಕಲಸುತ್ತ ಕೂತಿದ್ದಾಗ ಬುಲೆಟ್ ಗಾಡಿಯೊಂದು ಬಾಗಿಲಲ್ಲಿ ನಿಂತಿತು. ಇಳಿದವನು ಶಿರಗುಪ್ಪಿಯ ವರ, ಶ್ರೀಪಾಲ. ಕೈಯಲ್ಲಿ ಅದೇ ಫೋಟೋ.

"ಪರದಿ ಮ್ಯಾಲಿನಾಕಿ ಹಣಿ ಇಷ್ಟ್ಯಾಕ ಹೊಳೀತೈತ್ರಿ?" ಎಂದು ಕೇಳಿದ.

ಸುಳ್ಳು ಹೇಳಲು ವಿಠೋಬಾನಿಗೆ ತ್ರಾಣವಿರಲಿಲ್ಲ. ನಡೆದದ್ದೆಲ್ಲ ಹೇಳಿದ. ಶ್ರೀಪಾಲ ಹೊಟ್ಟೆ ಹಿಡಿದುಕೊಂಡು ನಕ್ಕ.

"ಚಿತ್ರದಾಕಿ ಸಲುವಾಗಿ ತನ್ನ ಹಣೀ ಟಿಕಳಿನ ಕಿತ್ತು ಕೊಟ್ಟಾಳಂದ್ರ, ಮನಿಯವರಿಗೆ ಏನ್ ಕಡಿಮಿ ಮಾಡ್ಯಾಳ್ರಿ? ನಮ್ಮ ಕಡಿಂದ ಒಪ್ಪಿಗಿ. ಭಾವುಸಾಹೇಬ್ರ, ಇದ ಪರದಿ ಮುಂದ ನಂದೂ ಒಂದು ಫೋಟೋ ತಗೀರಿ. ಲಗ್ನದ ಫೋಟೋನೂ ಇಲ್ಲೇ."

ಭಾವುಸಾಹೇಬರು ಸುಣ್ಣದ ಡಬ್ಬಿಯನ್ನು ಕಾಲಿನಿಂದಲೇ ಮೇಜಿನಡಿಗೆ ತಳ್ಳಿ ದೀಪ ಹಚ್ಚಿದರು.

ಸ್ಟೂಲಿನ ಮೇಲೆ ಕೂರುವ ಮೊದಲು ಶ್ರೀಪಾಲ ಪರದೆಯ ಹತ್ತಿರ ಹೋಗಿ ಟಿಕಳಿಯನ್ನು ಉಗುರಿನಿಂದ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. "ಯಾರ್ದೈತಿ ಅವರಿಗೆ ಮುಟ್ಟಸ್ತೀನಿ," ಎಂದ.

ಕರಿ ರೇಷ್ಮೆಯವಳು ಮತ್ತೆ ತನ್ನ ಊರಿನವಳಾಗಿ ಬೀದಿ ನೋಡುತ್ತ ಕೂತಳು. ಹಣೆಯ ಮೇಲೆ ಅಂಟಿನ ಸಣ್ಣ ಕಲೆಯೊಂದು ಉಳಿದಿತ್ತು. ಒರೆಸಲು ಬಟ್ಟೆ ಎತ್ತಿಕೊಂಡ ವಿಠೋಬಾ, ಮಂಗಲಳ ನೆನಪಾಗಿ, ಅದಷ್ಟು ಇರಲಿ ಎಂದು ಬಟ್ಟೆಯನ್ನು ಹೆಗಲಿಗೇ ಹಾಕಿಕೊಂಡ.