ಪೂಜೆಗಿಟ್ಟ ಡೈರಿ

ಅರಿಝೋನಾದ ಯುರೇನಿಯಂ ಗಣಿಯಲ್ಲಿ ನಾನು ಎಂಜಿನಿಯರ್ ಆಗಿದ್ದದ್ದು ಎರಡೇ ವರ್ಷ. ನೆಲ ನವಾಹೋ ಎಂಬ ಮೂಲನಿವಾಸಿ ಜನರದ್ದು, ಗಣಿಗಿಳಿದು ಅಗೆದವರೂ ಅವರೇ. ಐವತ್ತು ವರ್ಷದ ಮೇಲೆ, ಮೊನ್ನೆ ಮಂಗಳವಾರ, ಕೆನಡಾದ ಸ್ಕಾರ್‌ಬರೋದ ನಮ್ಮ ಮನೆಗೆ ಅಲ್ಲಿಂದ ಫೋನ್ ಬಂತು. ಮಾತಾಡಿದ್ದು ಶೆರಿಲ್ ಎಂಬ ಹುಡುಗಿ. ಅವಳ ಅಜ್ಜ ಕೆನೆತ್ ತ್ಸೋ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತಿದ್ದ. ಪರಿಹಾರ ಕೊಡಲು, ಅವನು ಆ ಗಣಿಯಲ್ಲಿ ದುಡಿದದ್ದಕ್ಕೆ ಸರಕಾರ ಪುರಾವೆ ಕೇಳಿತ್ತು. ಕಂಪನಿಯ ದಾಖಲೆಗಳು ಎಲ್ಲೂ ಇರಲಿಲ್ಲ. ನಾನು ದಿನವೂ ಡೈರಿ ಬರೆಯುತ್ತಿದ್ದದ್ದನ್ನು ಅಜ್ಜ ಅವಳಿಗೆ ಹೇಳಿದ್ದನಂತೆ; ಅದರಲ್ಲಿ ಅವನ ಹೆಸರಿರುವ ಒಂದು ಪುಟದ ಫೋಟೊ ಬುಧವಾರದೊಳಗೆ ತಲುಪಬೇಕಿತ್ತು.

"ಡೈರಿಯನ್ನು ಶಾರದಾ ಪೂಜೆಗೆ ಇಟ್ಟಾಗಿದೆ. ಗುರುವಾರ, ದಶಮಿಯ ದಿನವೇ ತೆಗೆಯುವುದು" ಎಂದೆ.

"ಹಾಗಾದರೆ ಮುಟ್ಟಬೇಡಿ ಸರ್. ನಮ್ಮಲ್ಲೂ ಅಂಥ ಕಟ್ಟಳೆಗಳಿವೆ" ಎಂದು ಅವಳು ಮೆತ್ತಗೆ ಫೋನಿಟ್ಟಳು.

ಹೆಂಡತಿ ನಳಿನಾಕ್ಷಿ ಸಿಡುಕಿದಳು. "ನಿಮಗೆ ಎಂತ ಆಗಿದೆ ಮಾರಾಯ್ರೆ? ದೇವರಿಗೆ ನಾನು ತಪ್ಪುಕಾಣಿಕೆ ಹಾಕ್ತೇನೆ, ಮೊದಲು ಅದನ್ನು ತೆಗೀರಿ."

"ಶಾಸ್ತ್ರ ಅಂದರೆ ಶಾಸ್ತ್ರ" ಎಂದು ಗದರಿದೆ. ವರ್ಷವಿಡೀ ದೇವರಿಗೆ ಕೈಮುಗಿಯದ ಮುಠ್ಠಾಳ, ನಾನು ಶಾಸ್ತ್ರ ಹೇಳಿದೆ.

ಗುರುವಾರ ಕುಂಕುಮ ಒರೆಸಿ ಡೈರಿ ತೆರೆದೆ. ಗಡುವು ಮುಗಿದಿತ್ತು. ಪುಟದ ಮೇಲ್ತುದಿಯಲ್ಲಿ ನನ್ನದೇ ಅಕ್ಷರ: 'ಕೆನೆತ್ ತ್ಸೋ, ಬೆಳಗಿನ ಶಿಫ್ಟು.' ಅದರ ಕೆಳಗೆ, ಐವತ್ತು ವರ್ಷ ನಾನು ಮರೆಯದ ಸಾಲು: 'ಇವತ್ತೂ ಗಣಿಯೊಳಗಿನ ಗಾಳಿಯ ವಿಕಿರಣ ಅಳೆಯಲಿಲ್ಲ. ಸುರಕ್ಷಿತ ಎಂದು ಸಹಿ ಹಾಕಿದೆ.'